ಒಕ್ಕಲು ನೆಲೆ ನಿಂತ ಬಗೆ

ಚಳ್ಳಕೆರೆ, ಮೊಳಕಾಲ್ಮೂರು ಎಂದೊಡನೆ ಪಟ್ಟಣವಾಸಿಗಳ ಕಣ್ಣಿಗೆ ಬರಡು ನೆಲವೂ ಬಂಡೆಗುಡ್ಡಗಳೂ ಕಟ್ಟುವುದು ಸಹಜ. ಕನ್ನಡನಾಡಿನಲ್ಲಿ ಅತ್ಯಲ್ಪ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಆದರೂ ಮೊಳಕಾಲ್ಮೂರಿನ ಬಳಿಯ ಬ್ರಹ್ಮಗಿರಿಯಲ್ಲಿ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕಶಾಸನವು ಇಸಿಲವೆಂಬ ಪಟ್ಟಣದ ಮಹಾಮಾತ್ರರನ್ನು ಸಂಬೋಧಿಸುತ್ತದೆ. ಇಂಥ ಒಣಸೀಮೆಯಲ್ಲಿ ಜನರು ಹೇಗೆ ನೆಲೆ ನಿಂತರೆಂಬುದನ್ನು ನಾವು ವಿಚಾರಿಸತಕ್ಕದ್ದು.

ಊರುಗಳ ಹೆಸರನ್ನೇ ಗಮನಿಸೋಣ: ಒಂದರ ಕೊನೆಯಲ್ಲಿ ಕೆರೆ, ಇನ್ನೊಂದರ ಕೊನೆಯಲ್ಲಿ ಹಟ್ಟಿ. ಹಟ್ಟಿಯೆಂದರೆ ದನಕುರಿಗಳ ದೊಡ್ಡಿ, ಅದನ್ನು ಸುತ್ತಿಕೊಂಡ ಮನೆಗಳು. ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಗಳು ಐದು ಕೆರೆಗಳನ್ನು ಕಟ್ಟಿಸಿದರೆಂದೂ, ಅವರವರು ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಸಂದಿತೆಂದೂ ಐತಿಹ್ಯವುಂಟು. ಪವಾಡದ ಮಾತು ಹಾಗಿರಲಿ. ಕಟ್ಟುವಾಗ ಕೂಲಿ, ಕಟ್ಟಿದ ಮೇಲೆ ನೀರು ಎಂಬ ಈ ಏರ್ಪಾಡಿನಲ್ಲಿ ಗುಳೆ ಹೊರಡುವ ಒಕ್ಕಲನ್ನು ತಡೆದು ನಿಲ್ಲಿಸುವ ಜಾಣ್ಮೆ ಅಡಗಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೇ ಸೀಮೆಯ ಚರಿತ್ರೆಯಲ್ಲಿದೆ. 1779ರಲ್ಲಿ ಹೈದರನು ಮದಕರಿನಾಯಕನಿಂದ ಚಿತ್ರದುರ್ಗವನ್ನು ಗೆದ್ದುಕೊಂಡ ಮೇಲೆ ಸುಮಾರು 20,000 ಮಂದಿ ಬೇಡರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದನೆಂದು ವಿಲ್ಕ್ಸನು ಬರೆದಿದ್ದಾನೆ. ಎಳೆಯ ಹುಡುಗರನ್ನು ಚೇಲಾ ಪಡೆಗೆ ಸೇರಿಸಲಾಯಿತು. ರಾಜಧಾನಿಗೆ ಜನ ಬೇಕಾಗಿತ್ತು. ಜನವನ್ನು ಕೊಳ್ಳೆಯ ಸರಕಿನಂತೆ ತರಲಾಯಿತು. ಟಿಪ್ಪುವಿನ ಕಾಲದಲ್ಲಿ ಆ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು. ಅರಮನೆ ಬಿದ್ದ ಮರುವರ್ಷ, 1800ರಲ್ಲಿ, ಉಳಿದವರು ಸುಮಾರು 32,000. ಒಡೆಯನಿಗಾಗಿ ಕೂಡಿದ ಜನ ಒಡೆಯನೊಡನೆ ಚದುರಿತು.

ಒಣಸೀಮೆಯಲ್ಲಿ ಉಳಿದವರನ್ನು ಹಿಡಿದದ್ದು ಹುಲ್ಲುಗಾವಲು. ಮೈಸೂರು ಒಡೆಯರ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆನಿಸಿತು. ಅದರ ರಾಸುಗಳಿಗೆಂದು ಮೀಸಲಾದ ಕಾವಲುಗಳು ಚಳ್ಳಕೆರೆಯ ಸುತ್ತಲೂ ಇದ್ದವು. ಮ್ಯಾಸಬೇಡರ ದೇವರ ಎತ್ತುಗಳೂ ಅವನ್ನು ಕಾಯುವ ಕಿಲಾರಿಗಳೂ ಹುಲ್ಲನ್ನೇ ನೆಚ್ಚಿದವರು. ಕುರುಬರ ಕಂಬಳಿಯ ಮಗ್ಗಕ್ಕೂ ಕುರಿ ಮೇಯಬೇಕಲ್ಲವೆ! ಮುಂದೆ ಕಡಲೆಕಾಯಿಯ ಎಣ್ಣೆ ಗಿರಣಿಗಳು ಚಳ್ಳಕೆರೆಗೆ ಹೆಸರು ತಂದವು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

2010ರ ಆಸುಪಾಸಿನಲ್ಲಿ ಸರ್ಕಾರವು ಈ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಹಂಚಿತು. ಹೊರಗಿನಿಂದ ವಿದ್ವಾಂಸರು ಬಂದು ನೆಲೆಸುವುದು ಸೀಮೆಗೆ ಲಾಭವೇ. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೇಲಿಯ ಆಚೆ ಉಳಿದ ಕುರಿಗಾಹಿ ಎಲ್ಲಿಗೆ ಹೋಗಬೇಕು? ಹಳ್ಳಿಗರು ಈ ಪ್ರಶ್ನೆಯನ್ನು ಹಸಿರು ನ್ಯಾಯಪೀಠದವರೆಗೂ ಒಯ್ದರು.