ಶಾನುಭೋಗರ ಕಡತ, ಗದ್ದೆಯಡಿಯ ಮರಳು

ಕ್ರಿ.ಶ. 1700ರ ಜನವರಿ 27ರ ನಡುರಾತ್ರಿ ಜಪಾನಿನ ಈಶಾನ್ಯ ಕರಾವಳಿಯ ಕುವಾಗಸಾಕಿ ಎಂಬ ಬೆಸ್ತರ ಊರಿಗೆ ಸಮುದ್ರ ನುಗ್ಗಿತು. 13 ಮನೆಗಳು ಕೊಚ್ಚಿಹೋದವು. ಆ ಗಲಿಬಿಲಿಯಲ್ಲಿ ಹೊತ್ತಿಕೊಂಡ ಬೆಂಕಿಗೆ ಮತ್ತೆ 20 ಮನೆಗಳು ಬೂದಿಯಾದವು. ಮನೆ ಕಳಕೊಂಡವರಿಗೆ ಅಕ್ಕಿ ಕೊಡಬೇಕು, ಬಿಡಾರ ಕಟ್ಟಲು ಮರ ಒದಗಿಸಬೇಕು; ಕೊಟ್ಟದ್ದಕ್ಕೆಲ್ಲ ಲೆಕ್ಕ ಬೇಕು! ಹಾಗಾಗಿ ಅಲ್ಲಿನ ಅಧಿಕಾರಿಗಳು ನಡೆದದ್ದನ್ನು ಬರೆದಿಟ್ಟರು. ಅದೇ ಅಲೆಗಳ ದೆಸೆಯಿಂದ ದಕ್ಷಿಣದ ನಾಕಾಮಿನಾತೊ ಬಂದರಿನ ಬಳಿ ಅಕ್ಕಿಯ ದೋಣಿಯೊಂದು ಒಡೆದು ಇಬ್ಬರು ನಾವಿಕರು ಸತ್ತರು. ದೋಣಿಯವನ ತಪ್ಪಿಲ್ಲವೆಂದು ತೋರಿಸಲು ಒಂದು ಪತ್ರ ಬೇಕಾಯಿತು. ಅದೂ ಉಳಿಯಿತು. ಇನ್ನೂ ದಕ್ಷಿಣಕ್ಕೆ, ಮಿಹೊ ಎಂಬ ಹಳ್ಳಿಯ ಮುಖ್ಯಸ್ಥ, ನಮ್ಮ ಕಡೆಯ ಮಾತಿನಲ್ಲಿ ಪಟೇಲ, ನೀರು ಏಳೆಂಟು ಸಲ ಏರಿ ಇಳಿದದ್ದನ್ನು ಕಂಡು ತಲೆ ಕೆರೆದುಕೊಂಡ. ಎಲ್ಲಿಯೂ ಭೂಮಿ ನಡುಗಿರಲಿಲ್ಲ. ನಡುಗದೆ ಇಂಥ ಅಲೆ ಬರುವುದುಂಟೇ? ಮುಂದಿನವರಿಗೆ ತಿಳಿದಿರಲಿ ಎಂದು ಅವನೂ ಬರೆದಿಟ್ಟ.

ತಾಯಿ ಭೂಕಂಪವೇ ಇಲ್ಲದ ಈ ಅಲೆಗೆ ಮುಂದೆ ವಿಜ್ಞಾನಿಗಳು ‘ತಬ್ಬಲಿ ಸುನಾಮಿ’ ಎಂದೇ ಹೆಸರಿಟ್ಟರು. ನಮ್ಮಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರನ್ನು ಆಳುತ್ತಿದ್ದ ಆ ಕಾಲದ ಜಪಾನೀ ಕಡತಗಳು, ಮುನ್ನೂರು ವರ್ಷಗಳ ನಂತರ ಅಮೆರಿಕದ ಒಂದು ಭೂಕಂಪಕ್ಕೆ ಗಂಟೆ ಸಹಿತ ದಿನಾಂಕ ಹೇಳಿಕೊಟ್ಟವು. ಭೂವಿಜ್ಞಾನವೆಂದರೆ ಸುತ್ತಿಗೆ, ಸೂಕ್ಷ್ಮದರ್ಶಕ, ಉಪಗ್ರಹ ಎಂದಷ್ಟೇ ತಿಳಿದ ನಮ್ಮಂಥ ಸಾಹಿತ್ಯದ ಓದುಗರಿಗೆ ಇದು ಕುತೂಹಲದ ಸಂಗತಿ. ಇಲ್ಲಿ ಹಳೆಯ ಕೈಬರಹವೂ ಒಂದು ಅಳತೆಯ ಉಪಕರಣವೇ!

ಆಧುನಿಕ ಭೂಕಂಪವಿಜ್ಞಾನದ ತೊಟ್ಟಿಲು ಜಪಾನ್ ಎಂದರೆ ತಪ್ಪಾಗಲಾರದು. 1880ರ ಫೆಬ್ರವರಿಯಲ್ಲಿ ಯೊಕೊಹಾಮಾ ನಡುಗಿದಾಗ, ಅಲ್ಲಿ ಪಾಠ ಹೇಳಲು ಬಂದಿದ್ದ ಇಂಗ್ಲೆಂಡಿನ ಜಾನ್ ಮಿಲ್ನ್ ಮತ್ತು ಸಂಗಡಿಗರು ಸೇರಿ ಭೂಕಂಪಗಳಿಗೆಂದೇ ಜಗತ್ತಿನ ಮೊದಲ ವಿದ್ವತ್ಸಂಘವನ್ನು ಕಟ್ಟಿದರು. 1891ರ ಅಕ್ಟೋಬರ್ 28ರಂದು ನೋಬಿ ಭೂಕಂಪ ಏಳು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ಸರಕಾರ ಭೂಕಂಪ ತನಿಖಾ ಸಮಿತಿಯನ್ನು ನೇಮಿಸಿತು. ಈ ಸಮಿತಿ ಉಪಕರಣಗಳನ್ನು ನೆಟ್ಟು ಕೂತುಕೊಳ್ಳಲಿಲ್ಲ. ದೇವಾಲಯಗಳ, ಮನೆತನಗಳ, ಆಸ್ಥಾನಗಳ ಹಳೆಯ ಬರಹಗಳಲ್ಲಿ ಭೂಕಂಪದ ಮಾತೆಲ್ಲಿದೆ ಎಂದು ಹುಡುಕಿಸಿತು. ತಾಯಾಮಾ ಮಿನೋರು ಅವರ ಸಂಗ್ರಹ 1904ರಲ್ಲಿ ಹೊರಬಂತು. 1940ರ ದಶಕದಲ್ಲಿ ಮುಷಾ ಕಿಂಕಿಚಿ ಅದನ್ನು ಸಂಪುಟಗಳ ಮಟ್ಟಕ್ಕೆ ಬೆಳೆಸಿದರು. ನಮ್ಮಲ್ಲಿ ಬಿ.ಎಲ್. ರೈಸ್, ಆರ್. ನರಸಿಂಹಾಚಾರ್ ಊರೂರು ಸುತ್ತಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ತಂದರಲ್ಲ, ಹೆಚ್ಚುಕಡಿಮೆ ಅದೇ ಕಾಲದ, ಅದೇ ಬಗೆಯ ದುಡಿಮೆ ಇದು.

ತೊಡಕುಗಳೂ ಅವೇ. ಶಾಸನದ ಶಕವರ್ಷ, ಸಂವತ್ಸರ, ತಿಥಿ, ವಾರಗಳನ್ನು ಇಂದಿನ ದಿನಾಂಕಕ್ಕೆ ತಿರುಗಿಸುವಾಗ ನಮ್ಮ ಶಾಸನತಜ್ಞರು ಪಡುವ ಪಾಡು ನಮಗೆ ಗೊತ್ತೇ ಇದೆ. ಜಪಾನಿನ ಕಡತಗಳಲ್ಲಿ ತಬ್ಬಲಿ ಸುನಾಮಿಯ ದಿನ ‘ಗೆನ್‌ರೊಕು 12ನೆಯ ವರ್ಷದ 12ನೆಯ ತಿಂಗಳ 8ನೆಯ ದಿನ’. ಅದು ಚಾಂದ್ರಮಾನದ ಲೆಕ್ಕ. ತಿರುಗಿಸಿದರೆ 1700ರ ಜನವರಿ 27.

ಈಗ ಶಾಂತಸಾಗರದ ಆಚೆ ದಡಕ್ಕೆ ಹೋಗೋಣ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿಯ ಜೌಗಿನಲ್ಲಿ ಒಣಗಿ ನಿಂತ ಸೀಡರ್ ಮರಗಳ ‘ಭೂತಕಾಡು’ಗಳಿವೆ. ಭೂವಿಜ್ಞಾನಿ ಬ್ರಯಾನ್ ಆಟ್‌ವಾಟರ್ ಅಲ್ಲಿನ ನದಿದಂಡೆಗಳ ಕೆಸರನ್ನು ಕೆರೆದು ನೋಡಿ, ಒಮ್ಮೆ ಹುಲ್ಲು ಬೆಳೆದಿದ್ದ ನೆಲ ಹಠಾತ್ತನೆ ಕುಸಿದು ಉಪ್ಪುನೀರಿನ ಪಾಲಾದದ್ದನ್ನೂ, ಅದರ ಮೇಲೆ ಸುನಾಮಿ ಮರಳು ಹಾಸಿದ್ದನ್ನೂ 1987ರಲ್ಲಿ ತೋರಿಸಿದರು. ದೊಡ್ಡ ಭೂಕಂಪವಾಗಿದೆ, ಸರಿ. ಯಾವಾಗ? ಮರದ ಚೂರಿನಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದರೆ ಕೆಲವು ದಶಕಗಳ ಆಚೀಚೆ ಎಂದಷ್ಟೇ ಹೇಳಬಹುದು. ಅಲ್ಲಿ ಆ ಕಾಲದ ಬರವಣಿಗೆ ಇಲ್ಲ. ಮೂಲನಿವಾಸಿಗಳ ಕಥೆಗಳಲ್ಲಿ ಮಾತ್ರ ಒಂದು ಚಳಿಗಾಲದ ರಾತ್ರಿ ನೆಲ ನಡುಗಿ ಊರನ್ನು ಕಡಲು ನುಂಗಿದ ನೆನಪು ಉಳಿದಿತ್ತು.

1996ರಲ್ಲಿ ಸತಾಕೆ ಕೆಂಜಿ ಮತ್ತು ಅವರ ಸಹೋದ್ಯೋಗಿಗಳು ಎರಡೂ ದಡಗಳನ್ನು ಜೋಡಿಸಿದರು. 1960ರಲ್ಲಿ ಚಿಲಿಯ ಭೂಕಂಪದ ಅಲೆ ಸಾಗರ ದಾಟಿ ಬಂದು ಜಪಾನಿನಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿದ್ದುದರಿಂದ, ತಬ್ಬಲಿಯ ತಾಯಿಯೂ ದೂರದವಳೇ ಇರಬೇಕು ಎಂಬುದು ಸ್ಪಷ್ಟವಿತ್ತು. ದಕ್ಷಿಣ ಅಮೆರಿಕದ ದಾಖಲೆಗಳಲ್ಲಿ ಆ ದಿನಕ್ಕೆ ಹೊಂದುವ ಭೂಕಂಪವಿಲ್ಲ. ಕಡತಗಳಿಂದ ಊರೂರಿನ ಅಲೆಯ ಎತ್ತರವನ್ನು ಅಂದಾಜು ಮಾಡಿ, ಸಾಗರ ದಾಟಲು ಬೇಕಾದ ಸುಮಾರು 10 ಗಂಟೆಗಳನ್ನು ಕಳೆದು ಲೆಕ್ಕ ಹಾಕಿದರು. ಭೂಕಂಪವಾದದ್ದು ಅಮೆರಿಕದ ವಾಯವ್ಯ ಕರಾವಳಿಯಲ್ಲಿ, ಅಲ್ಲಿನ ಗಡಿಯಾರದಂತೆ ಜನವರಿ 26ರ ರಾತ್ರಿ ಸುಮಾರು 9 ಗಂಟೆಗೆ. ತೀವ್ರತೆ 9ರ ಆಸುಪಾಸು. ಮರುವರ್ಷ ಇನ್ನೊಂದು ತಂಡ ಸತ್ತ ಸೀಡರ್‌ಗಳ ಬೇರಿನ ಉಂಗುರಗಳನ್ನು ಎಣಿಸಿತು. ಆ ಮರಗಳು ಸತ್ತದ್ದು 1699ರ ಆಗಸ್ಟಿನಿಂದ 1700ರ ಮೇ ನಡುವೆ. ಕಡತದ ಮಾತಿಗೆ ಮರ ಸಾಕ್ಷಿ ಹೇಳಿತ್ತು! ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆ ಮನೆ ಮಾಡಿಕೊಂಡಿರುವ ನಮ್ಮವರು ಎಂಥ ಭೂಕಂಪಕ್ಕೆ ಸಿದ್ಧರಿರಬೇಕು ಎಂಬುದನ್ನು ಜಪಾನಿನ ಶಾನುಭೋಗರು ಹೇಳಿದಂತಾಯಿತು.

ಇದು ಓದಿದ್ದು ಫಲಿಸಿದ ಕಥೆ. ಓದಿಯೂ ಹೊತ್ತಿಗೆ ಒದಗದ ಇನ್ನೊಂದು ಕಥೆ ಜಪಾನಿನಲ್ಲೇ ಇದೆ.

ಕ್ರಿ.ಶ. 869. ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲ. ಆ ಬೇಸಿಗೆಯಲ್ಲಿ ಜಪಾನಿನ ಈಶಾನ್ಯದ ಮುತ್ಸು ಪ್ರಾಂತದಲ್ಲಿ ಭೂಮಿ ನಡುಗಿ, ಕೋಟೆ ಉರುಳಿ, ಕಡಲು ಒಳನಾಡಿಗೆ ಹರಿದು ಸಾವಿರ ಮಂದಿ ಮುಳುಗಿದರೆಂದು 901ರಲ್ಲಿ ಮುಗಿದ ‘ನಿಹೋನ್ ಸಾಂದೈ ಜಿತ್ಸುರೊಕು’ ಎಂಬ ಆಸ್ಥಾನದ ಇತಿಹಾಸ ದಾಖಲಿಸಿದೆ. ಆಗಿನ ರಾಜಶಕೆಯ ಹೆಸರಿನಿಂದ ಇದು ‘ಜೋಗನ್’ ಸುನಾಮಿ. ಬಹುಕಾಲ ಇದನ್ನು ಹಳೆಯ ಕಾಲದವರ ಅತಿಶಯೋಕ್ತಿಯೆಂದು ತಳ್ಳಿಹಾಕುವುದು ಸುಲಭವಾಗಿತ್ತು. 1906ರಲ್ಲಿ ಇತಿಹಾಸಕಾರ ಯೋಶಿದಾ ತೋಗೊ ಈ ದಾಖಲೆಯನ್ನು ಎತ್ತಿಕೊಂಡು ಲೇಖನ ಬರೆದರು. ಆದರೂ ಸಾಕ್ಷಿ ಬೇಕಿತ್ತಲ್ಲ?

ಸಾಕ್ಷಿ ಸೆಂದೈ ಬಯಲಿನ ಬತ್ತದ ಗದ್ದೆಗಳ ಅಡಿಯಲ್ಲಿತ್ತು. ಗದ್ದೆಯಲ್ಲಿ ಗುಂಡಿ ತೋಡಿದರೆ ಕಪ್ಪು ಕೆಸರಿನ ನಡುವೆ ಬಿಳುಪಾದ ಮರಳಿನ ತೆಳು ಪದರವೊಂದು ಕಾಣುತ್ತದೆ. ಅದರಲ್ಲಿ ಕಡಲಿನ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಚಿಪ್ಪು ಸಿಕ್ಕರೆ ಮರಳು ಬಂದದ್ದು ಕಡಲಿನಿಂದ. ಸೆಂದೈನಲ್ಲಿ ಪ್ರಕೃತಿ ಇನ್ನೊಂದು ಉಪಕಾರ ಮಾಡಿತ್ತು. 915ರಲ್ಲಿ ತೊವಾದಾ ಜ್ವಾಲಾಮುಖಿ ಉಗುಳಿದ ಬೂದಿ ಈ ಮರಳಿನ ತುಸು ಮೇಲೆಯೇ ಕೂತಿತ್ತು. ಬೂದಿಯ ಕೆಳಗಿನದು ಬೂದಿಗಿಂತ ಹಳೆಯದು. ಇದಕ್ಕಿಂತ ಸರಳವಾದ ತರ್ಕ ಬೇಕೆ? 1990ರಲ್ಲಿ ತೊಹೊಕು ವಿದ್ಯುತ್ ಕಂಪನಿಯ ಎಂಜಿನಿಯರುಗಳು, ಆಮೇಲೆ ತೊಹೊಕು ವಿಶ್ವವಿದ್ಯಾಲಯದ ಮಿನೌರಾ ಕೋಜಿ ಈ ಪದರಗಳ ಬಗ್ಗೆ ಬರೆದರು. ಮಿನೌರಾ ತಂಡದ 2001ರ ಲೇಖನ ಇನ್ನೂ ಮುಂದೆ ಹೋಯಿತು. ಇಂಥ ಪದರಗಳು ಮೂರಿವೆ, ಅವುಗಳ ನಡುವಿನ ಅಂತರ 800ರಿಂದ 1100 ವರ್ಷ, ಜೋಗನ್ ಆಗಿ 1100 ವರ್ಷ ಕಳೆದಿದೆ. ಮುಂದಿನ ಲೆಕ್ಕವನ್ನು ಶಾಲೆಯ ಮಕ್ಕಳೂ ಮಾಡಬಹುದಿತ್ತು.

ತ್ಸುಕುಬಾದ ಭೂಕಂಪ ಸಂಶೋಧನಾ ಕೇಂದ್ರದವರು ನೂರಾರು ಕಡೆ ಮಣ್ಣಿನ ಮಾದರಿ ತೆಗೆದು, ಮರಳು ಅಂದಿನ ದಡದಿಂದ ಮೂರು ನಾಲ್ಕು ಕಿಲೋಮೀಟರ್ ಒಳಗೆ ಬಂದದ್ದನ್ನು ಗುರುತಿಸಿದರು. ಜೋಗನ್ ಭೂಕಂಪದ ತೀವ್ರತೆ 8.4ರಷ್ಟಾದರೂ ಇದ್ದಿರಬೇಕೆಂದು ಕಂಪ್ಯೂಟರ್ ಲೆಕ್ಕ ಹೇಳಿತು. 2009ರ ಜೂನ್‌ನಲ್ಲಿ ಫುಕುಶಿಮಾ ಅಣುಸ್ಥಾವರದ ಸುರಕ್ಷತೆ ಪರಿಶೀಲಿಸುತ್ತಿದ್ದ ಸರಕಾರಿ ಸಮಿತಿಯ ಸಭೆಯಲ್ಲಿ ಆ ಕೇಂದ್ರದ ಒಕಮುರಾ ಯುಕಿನೊಬು, ಜೋಗನ್ ಸುನಾಮಿಯನ್ನು ಯಾಕೆ ಪರಿಗಣಿಸಿಲ್ಲ ಎಂದು ಕೇಳಿದರು. ಮಾತು ದಾಖಲಾಯಿತು, ಗೋಡೆ ಎತ್ತರವಾಗಲಿಲ್ಲ.

2011ರ ಮಾರ್ಚ್ 11ರ ಮಧ್ಯಾಹ್ನ 2.46ಕ್ಕೆ 9.0 ತೀವ್ರತೆಯ ಭೂಕಂಪವಾಯಿತು. ಸತ್ತವರು ಮತ್ತು ಕಾಣೆಯಾದವರು ಹದಿನೆಂಟು ಸಾವಿರಕ್ಕೂ ಹೆಚ್ಚು. ಫುಕುಶಿಮಾದಲ್ಲಿ ನಡೆದದ್ದನ್ನು ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮದು ಮಾತ್ರವಲ್ಲ. ಆದರೆ ಕಂಪನದ ಕೇಂದ್ರಕ್ಕೆ ಇನ್ನೂ ಹತ್ತಿರವಿದ್ದ ಒನಗಾವಾ ಸ್ಥಾವರ ಸುರಕ್ಷಿತವಾಗಿ ನಿಂತಿತು. ಅದನ್ನು ಕಟ್ಟುವಾಗ, ಜೋಗನ್ ಕಥೆಯನ್ನು ಮರೆಯದ ಹಿರಾಯ್ ಯಾನೊಸುಕೆ ಎಂಬ ಎಂಜಿನಿಯರ್, ನೆಲದ ಎತ್ತರ 14.8 ಮೀಟರ್ ಇರಲೇಬೇಕೆಂದು ಪಟ್ಟು ಹಿಡಿದಿದ್ದರು. ಅಲ್ಲಿಗೆ ಬಂದ ಅಲೆ ಸುಮಾರು 13 ಮೀಟರ್. ಮನೆ ಕಳಕೊಂಡ ಸುತ್ತಲಿನ ಊರವರು ಆಶ್ರಯ ಪಡೆದದ್ದೂ ಅಲ್ಲಿಯೇ.

ಹಾಗಾದರೆ ಉಪಗ್ರಹಗಳು ಏನು ಮಾಡಿದವು? ಮಾಡಿದ್ದು ಬಹಳವೇ. ಜಪಾನಿನ ಉದ್ದಗಲಕ್ಕೆ ಸಾವಿರಕ್ಕೂ ಹೆಚ್ಚು ಜಿಪಿಎಸ್ ಕಂಬಗಳಿವೆ. ಒಶಿಕಾ ಪರ್ಯಾಯದ್ವೀಪದ ಕಂಬ ಅಂದು 5.3 ಮೀಟರ್ ಪೂರ್ವಕ್ಕೆ ಸರಿದು 1.2 ಮೀಟರ್ ಕುಸಿಯಿತೆಂದು ಲೆಕ್ಕ ಸಿಕ್ಕಿತು. ಕಡಲತಳದ ಒಂದು ಗುರುತು 24 ಮೀಟರಿನಷ್ಟು ಜರುಗಿತ್ತು. 2006ರಲ್ಲಿ ಹಾರಿಸಿದ್ದ ‘ದಾಯ್ಚಿ’ ಉಪಗ್ರಹ ಮುಳುಗಿದ ಊರುಗಳ ಚಿತ್ರಗಳನ್ನು ಕಳಿಸುತ್ತಲೇ ಇದ್ದು, ಏಪ್ರಿಲ್‌ನಲ್ಲಿ ತಾನೇ ಕೆಟ್ಟು ನಿಂತಿತು. ಆದರೆ ಉಪಗ್ರಹಗಳ ವಯಸ್ಸು ದಶಕಗಳದು, ಈ ಭೂಕಂಪಗಳ ಆವರ್ತನೆ ಸಾವಿರ ವರ್ಷದ್ದು. ಮೇಲಿನಿಂದ ನೋಡುವ ಕಣ್ಣಿಗೆ ಈಗ ಆಗುತ್ತಿರುವುದು ಕಾಣುತ್ತದೆ. ಹಿಂದೆ ಆದದ್ದನ್ನು ತಿಳಿಯಲು ಗುಂಡಿ ತೋಡಬೇಕು, ಕಡತ ಬಿಚ್ಚಬೇಕು.

ಗುಂಡಿಯ ಓದಿಗೂ ತಿದ್ದುಪಡಿ ಬೇಕಾಯಿತು. 2011ರ ನಂತರ ಸೆಂದೈ ಬಯಲನ್ನು ಅಳೆದವರಿಗೆ, ನೀರು ನಾಲ್ಕೂವರೆ ಕಿಲೋಮೀಟರಿಗೂ ಆಚೆ ಹೋದ ಕಡೆ ಕಣ್ಣಿಗೆ ಕಾಣುವ ಮರಳಿನ ಪದರ ಸುಮಾರು ಮೂರು ಕಿಲೋಮೀಟರಿಗೇ ನಿಂತದ್ದು ಕಂಡಿತು. ಅಂದರೆ ಮರಳನ್ನು ನಂಬಿ ಜೋಗನ್ ಅನ್ನು ಅಳೆದವರು ಅದನ್ನು ಕಡಿಮೆಯೇ ಅಂದಾಜು ಮಾಡಿದ್ದರು. ಆ ಮೇಲಿನ ಲೆಕ್ಕಗಳು ಅದರ ತೀವ್ರತೆಯನ್ನು ಕನಿಷ್ಠ 8.6ಕ್ಕೆ ಏರಿಸಿವೆ. ಅತಿಶಯೋಕ್ತಿಯೆಂದು ತೋರಿದ್ದ ಇತಿಹಾಸಕಾರನ ಮಾತು ನಿಜಕ್ಕೆ ಹತ್ತಿರವಿತ್ತು!

ಅಂತರ್ಜಲದ ಕಥೆಯೂ ಹೀಗೆಯೇ. ಶಿಕೊಕು ದ್ವೀಪದ ದೋಗೊ ಬಿಸಿನೀರಿನ ಬುಗ್ಗೆ 684ರ ಮಹಾಭೂಕಂಪದಲ್ಲಿ ನಿಂತುಹೋಯಿತೆಂದು ‘ನಿಹೋನ್ ಶೊಕಿ’ ದಾಖಲಿಸಿದೆ. 1707, 1854, 1946ರ ಭೂಕಂಪಗಳಲ್ಲೂ ಅದು ನಿಂತಿತು. ನೆಲದಾಳದ ಶಿಲೆ ಹಿಗ್ಗಿ ನೀರಿನ ಒತ್ತಡ ಇಳಿಯುವುದೇ ಕಾರಣವೆಂದು ವಿವರಿಸುತ್ತಾರೆ. 1946ರ ಭೂಕಂಪಕ್ಕೆ ಮುನ್ನವೇ ಕರಾವಳಿಯ ಕೆಲವು ಬಾವಿಗಳು ಬತ್ತಿದವೆಂದು ಊರವರು ಹೇಳಿದ್ದರು. ತ್ಸುಕುಬಾದ ಸಂಸ್ಥೆ ಇಂದು ಆ ಭಾಗದಲ್ಲಿ ಆಳವಾದ ಬಾವಿಗಳನ್ನು ಕೊರೆದು ನೀರಿನ ಮಟ್ಟವನ್ನು ಕಾಯುತ್ತಿದೆ.

ಜಪಾನ್ ಈ ಪಾಠವನ್ನು ಕಲಿಯುತ್ತಿರುವುದಕ್ಕೆ ಎರಡು ಗುರುತುಗಳಿವೆ. 2017ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಪ್ರಾಚೀನ ಭೂಕಂಪ ಅಧ್ಯಯನ ತಂಡ, ಇಂದಿನವರಿಗೆ ಓದಲಾಗದ ಮೋಡಿ ಬರಹದ ಭೂಕಂಪ ದಾಖಲೆಗಳನ್ನು ಇಂಟರ್ನೆಟ್ಟಿನಲ್ಲಿ ತೆರೆದಿಟ್ಟು, ಬಂದವರೆಲ್ಲ ಸೇರಿ ಅಕ್ಷರ ಬಿಡಿಸುವಂತೆ ಮಾಡಿತು. ಇನ್ನೊಂದು, ಮಿಯಾಕೊ ಬಳಿಯ ಅನೆಯೋಶಿಯಲ್ಲಿ, 1933ರ ಸುನಾಮಿಯ ಬಳಿಕ ನೆಟ್ಟ ಕಲ್ಲಿನಂಥವು. ಇಲ್ಲಿಂದ ಕೆಳಗೆ ಮನೆ ಕಟ್ಟಬೇಡಿ ಎಂಬುದು ಅದರ ತಾತ್ಪರ್ಯ. ಊರವರು ಪಾಲಿಸಿದರು, 2011ರ ಅಲೆ ಕಲ್ಲಿನ ಕೆಳಗೇ ನಿಂತಿತು. ಜಿಪಿಎಸ್ ಕಂಬಗಳನ್ನು ನೋಡಿಕೊಳ್ಳುವ ಸರಕಾರಿ ಭೂಪಟ ಇಲಾಖೆಯೇ 2019ರಲ್ಲಿ ಇಂಥ ಕಲ್ಲುಗಳಿಗೆಂದು ಹೊಸ ನಕ್ಷಾಚಿಹ್ನೆಯನ್ನು ತಂದು, ಅವನ್ನು ಭೂಪಟದಲ್ಲಿ ಗುರುತಿಸತೊಡಗಿತು.

ಕಲ್ಲುಗಳಿಗೆ ನಮ್ಮಲ್ಲಿಯೂ ಬರವಿಲ್ಲ. ಕೆರೆ ಕಟ್ಟಿಸಿದ್ದು, ಒಡೆದ ಏರಿಯನ್ನು ತಿರುಗಿ ಕಟ್ಟಿಸಿದ್ದು, ಅದಕ್ಕಾಗಿ ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆಗಳನ್ನು ಹೇಳುವ ಶಾಸನಗಳು ಕನ್ನಡ ನಾಡಿನ ತುಂಬ ಇವೆ. ನಾವು ಅವನ್ನು ಭಾಷೆಗಾಗಿ, ಅರಸರ ವಂಶಾವಳಿಗಾಗಿ ಓದಿದ್ದೇ ಹೆಚ್ಚು. ಕೆರೆ ಎಲ್ಲಿತ್ತು, ಯಾವ ಶಕವರ್ಷದಲ್ಲಿ ಒಡೆಯಿತು ಎಂದು ಸಾಲಾಗಿ ಜೋಡಿಸಿ, ಕೆರೆಯಂಗಳದ ಹೂಳನ್ನೂ ಉಪಗ್ರಹದ ಚಿತ್ರವನ್ನೂ ಪಕ್ಕದಲ್ಲಿಟ್ಟು ಓದಿದರೆ ನಮ್ಮ ಮಳೆ-ಬರಗಳ ಸಾವಿರ ವರ್ಷದ ಲೆಕ್ಕವೂ ಸಿಕ್ಕೀತು. ಊರಿನ ಮನೆಗಳ ಅಟ್ಟದಲ್ಲಿ ಅಜ್ಜನ ಕಾಲದ ಕಡತಗಳು, ಕಂದಾಯದ ಲೆಕ್ಕಗಳು ಇನ್ನೂ ಇರುವವರು ನಮ್ಮ ಬಳಗದಲ್ಲಿ ಇದ್ದೇ ಇರುತ್ತಾರೆ. ಮುಂದಿನ ಸಲ ಹೋದಾಗ ಗೆದ್ದಲು ಹಿಡಿಯುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಯಾವ ವರ್ಷ ಬಾವಿ ಬತ್ತಿತು, ಯಾವ ವರ್ಷ ಹೊಳೆ ಅಂಗಳಕ್ಕೆ ಬಂತು ಎಂಬ ಒಂದು ಸಾಲು ಸಿಕ್ಕರೂ ಅದನ್ನು ಬರೆದಿಟ್ಟುಕೊಳ್ಳಿ, ನಮಗೂ ಕಳಿಸಿ.