ಕೊಂಡ ಮೇಲಿನ ಮರುಚಿಂತೆ

ಅಮೆರಿಕದಲ್ಲಿ ಹೊಸ ಕಾರು ಕೊಳ್ಳುವವನು ಬೆಲೆ ಕುದುರಿಸಿ, ಇನ್ನೇನು ಕೀಲಿ ಕೈಗೆ ಬಂತು ಎನ್ನುವಷ್ಟರಲ್ಲಿ ಅವನನ್ನು ಒಳಗಿನ ಒಂದು ಸಣ್ಣ ಕೋಣೆಗೆ ಕರೆದೊಯ್ಯುತ್ತಾರೆ. ಸಾಲದ ಕಾಗದಪತ್ರಗಳಿಗೆ ಸಹಿ ಹಾಕಿಸುವ ಕೋಣೆ ಅದು. ಸಹಿಗಳ ನಡುವೆ ಅಲ್ಲಿ ಇನ್ನೊಂದು ವ್ಯಾಪಾರವೂ ನಡೆಯುತ್ತದೆ. ಕಂಪನಿ ಕೊಟ್ಟ ವಾರಂಟಿಯ ಅವಧಿ ಮುಗಿದ ಮೇಲೆ ಗೇರ್‌ಬಾಕ್ಸ್ ಕೈಕೊಟ್ಟರೆ ಏನು ಗತಿ ಎಂದು ಮೇಜಿನ ಆಚೆಯ ವ್ಯಕ್ತಿ ಕೇಳುತ್ತಾನೆ. ಉತ್ತರವೂ ಅವನ ಬಳಿಯೇ ಇರುತ್ತದೆ: ವಿಸ್ತರಿತ ವಾರಂಟಿ. ಎರಡು ಮೂರು ಸಾವಿರ ಡಾಲರ್ ಬೆಲೆಯ ಆ ಪತ್ರವನ್ನು ಕಾರಿನ ಸಾಲಕ್ಕೇ ಸೇರಿಸಿ, ತಿಂಗಳಿಗೆ ಇಷ್ಟೇ ಇಷ್ಟು ಎಂದು ಹೇಳುವುದರಿಂದ ಹೊರೆ ಕಣ್ಣಿಗೆ ಕಾಣುವುದಿಲ್ಲ. ಮನೆಗೆ ಬಂದು ಕಾಗದಗಳನ್ನು ಹರಡಿಕೊಂಡು ಕೂತಾಗ ಮರುಚಿಂತೆ ಶುರುವಾಗುತ್ತದೆ. ಇಟ್ಟುಕೊಳ್ಳುವುದೋ, ರದ್ದು ಮಾಡುವುದೋ?

ಕಾರು ಹೊಸದಿರಬಹುದು, ಚಿಂತೆ ಹೊಸದಲ್ಲ. ಕೊಂಡ ಮೇಲೆ ಮನಸ್ಸು ಬದಲಾಯಿಸುವವನನ್ನು ಏನು ಮಾಡಬೇಕೆಂಬ ವಿಚಾರಕ್ಕೆ ಸಂಸ್ಕೃತದ ಧರ್ಮಶಾಸ್ತ್ರಗಳಲ್ಲಿ ಒಂದು ಪ್ರತ್ಯೇಕ ಪ್ರಕರಣವೇ ಇದೆ. ಅದರ ಹೆಸರು ‘ಕ್ರೀತಾನುಶಯ’. ಕ್ರೀತ ಎಂದರೆ ಕೊಂಡದ್ದು, ಅನುಶಯ ಎಂದರೆ ಪಶ್ಚಾತ್ತಾಪ. ಮನುಸ್ಮೃತಿ ಕೊಂಡವನಿಗೂ ಮಾರಿದವನಿಗೂ ಹತ್ತು ದಿನಗಳ ಅವಕಾಶ ಕೊಡುತ್ತದೆ. ಯಾಜ್ಞವಲ್ಕ್ಯ ಸ್ಮೃತಿ ಸರಕಿಗೆ ತಕ್ಕಂತೆ ಪರೀಕ್ಷೆಯ ಅವಧಿಯನ್ನು ಗೊತ್ತುಮಾಡುತ್ತದೆ. ಬಿತ್ತನೆ ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆ ಹೊರುವ ಪ್ರಾಣಿಗೆ 5 ದಿನ, ರತ್ನಕ್ಕೆ 7 ದಿನ, ಹಾಲು ಕರೆಯುವ ಹಸುವಿಗೆ 3 ದಿನ. ಪ್ರತಿಯೊಂದು ಸರಕಿನ ದೋಷವೂ ಬಯಲಾಗಲು ತನ್ನದೇ ಹೊತ್ತು ತೆಗೆದುಕೊಳ್ಳುತ್ತದೆಂಬ ವಿವೇಕ ಈ ಲೆಕ್ಕದ ಹಿಂದಿದೆ: ಬೀಜ ಮೊಳೆಯಬೇಕು, ಹಸು ನಾಲ್ಕಾರು ಸಲ ಹಾಲು ಕೊಡಬೇಕು. ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು ಎಂಬ ಮಾತೂ ಅದೇ ಉಸಿರಿನಲ್ಲಿ ಬರುತ್ತದೆ. ಮನುಷ್ಯರನ್ನು ಬೀಜ, ಕಬ್ಬಿಣಗಳ ಪಟ್ಟಿಗೆ ಸೇರಿಸಿದ ಕಾಲ ಅದೆಂಬುದನ್ನು ಮರೆಯುವಂತಿಲ್ಲ.

ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದವನು. ಅವನಿದ್ದುದು ಆಗಿನ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಆಸ್ತಿಹಂಚಿಕೆಯ ವ್ಯಾಜ್ಯಗಳಿಂದಾಗಿ ಅವನ ಹೆಸರು ಇಪ್ಪತ್ತನೆಯ ಶತಮಾನದ ನ್ಯಾಯಾಲಯಗಳವರೆಗೂ ಉಳಿದುಬಂತು. ಸರಕು ಮರಳಿಸುವ ಈ ಭಾಗ ಮಾತ್ರ ಪಂಡಿತರ ಓದಿಗೆ ಸೀಮಿತವಾಯಿತು.

ನಾರದಸ್ಮೃತಿಯಂತೂ ನೇರವಾಗಿ ಹಣದ ಲೆಕ್ಕಕ್ಕೇ ಇಳಿಯುತ್ತದೆ. ಕೊಂಡ ದಿನವೇ ಕೆಡಿಸದೆ ಮರಳಿಸಿದರೆ ನಷ್ಟವಿಲ್ಲ. ಎರಡನೆಯ ದಿನ ಮರಳಿಸಿದರೆ ಬೆಲೆಯ ಮೂವತ್ತನೆಯ ಒಂದು ಪಾಲು ಬಿಡಬೇಕು. ಮೂರನೆಯ ದಿನವಾದರೆ ಅದರ ಎರಡರಷ್ಟು. ಆಮೇಲೆ ಸರಕು ಕೊಂಡವನದೇ. ಚೆನ್ನಾಗಿ ಪರೀಕ್ಷಿಸಿ ಒಪ್ಪಿ ಕೊಂಡದ್ದನ್ನು ಮರಳಿಸುವಂತಿಲ್ಲ ಎಂಬ ಎಚ್ಚರಿಕೆಯೂ ಅಲ್ಲಿದೆ.

ಪಶ್ಚಿಮದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ರೋಮಿನ ಸಂತೆಗಳ ಮೇಲ್ವಿಚಾರಕರು ದಾಸರನ್ನೂ ಜಾನುವಾರುಗಳನ್ನೂ ಮಾರುವವರು ದೋಷಗಳನ್ನು ಮೊದಲೇ ಸಾರಬೇಕೆಂದು ಕಟ್ಟು ಮಾಡಿದ್ದರು. ಮುಚ್ಚಿಟ್ಟರೆ ಆರು ತಿಂಗಳೊಳಗೆ ಮರಳಿಸಬಹುದಿತ್ತು. ಇಂಗ್ಲೆಂಡಿನ ನ್ಯಾಯಾಲಯಗಳು ಇಷ್ಟು ಉದಾರವಾಗಿರಲಿಲ್ಲ. 1603ರಲ್ಲಿ ತೀರ್ಮಾನವಾದ ಒಂದು ಮೊಕದ್ದಮೆಯನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಒಬ್ಬ ಅಕ್ಕಸಾಲಿಗ ‘ಬೆಜೋರ್ ಕಲ್ಲು’ ಎಂದು ಹೇಳಿ ಒಂದು ಕಲ್ಲನ್ನು 100 ಪೌಂಡಿಗೆ ಮಾರಿದ. ಆಡಿನಂಥ ಪ್ರಾಣಿಗಳ ಹೊಟ್ಟೆಯಲ್ಲಿ ಬೆಳೆಯುವ ಈ ಗಂಟು ವಿಷ ಇಳಿಸುತ್ತದೆಂದು ಆಗ ನಂಬಿಕೆಯಿತ್ತು. ಕಲ್ಲು ಬೆಜೋರ್ ಅಲ್ಲವೆಂದು ಕೊಂಡವನು ದೂರು ಕೊಟ್ಟ, ಸೋತ. ಮಾರಿದವನು ‘ಇದು ಬೆಜೋರ್’ ಎಂದದ್ದೇನೋ ಸರಿ, ಆದರೆ ‘ಖಾತರಿ ಕೊಡುತ್ತೇನೆ’ ಎಂದು ಹೇಳಿರಲಿಲ್ಲ ಎಂಬುದು ನ್ಯಾಯಾಲಯದ ತರ್ಕ. ಖಾತರಿ ಎನ್ನುವುದು ಸರಕಿನ ಒಳಗೇ ಇರುವ ಗುಣವಲ್ಲ, ಪ್ರತ್ಯೇಕವಾಗಿ ಕೇಳಿ ಪಡೆಯಬೇಕಾದ ಮಾತು ಎಂಬ ಭಾವನೆಗೆ ಈ ತೀರ್ಪು ಬಲ ಕೊಟ್ಟಿತು. ಪ್ರತ್ಯೇಕವಾಗಿ ಕೇಳಬೇಕಾದದ್ದನ್ನು ಪ್ರತ್ಯೇಕವಾಗಿ ಮಾರಲೂಬಹುದು. ಅದು ಹೊಳೆಯಲು ಮೂರೂವರೆ ಶತಮಾನ ಹಿಡಿಯಿತು.

ಮೋಟಾರು ಕಾರು ಬಂದಾಗ ತಯಾರಕರು ವಾರಂಟಿಯನ್ನು ಕೊಳ್ಳುವವನ ರಕ್ಷಣೆಗಿಂತ ಹೆಚ್ಚಾಗಿ ತಮ್ಮ ರಕ್ಷಣೆಗೆ ಬಳಸಿಕೊಂಡರು. ಅಮೆರಿಕದ ತಯಾರಕರ ಸಂಘ ರೂಪಿಸಿದ್ದ ಏಕರೂಪದ ವಾರಂಟಿಯ ಅವಧಿ 90 ದಿನ ಅಥವಾ 4,000 ಮೈಲಿ, ಯಾವುದು ಮೊದಲೋ ಅದು. ಕೆಟ್ಟ ಬಿಡಿಭಾಗವನ್ನು ಸಾಗಣೆ ವೆಚ್ಚ ತೆತ್ತು ಕಾರ್ಖಾನೆಗೆ ಕಳಿಸಿದರೆ ಬದಲಿ ಭಾಗ ಸಿಗುತ್ತಿತ್ತು. ಅದರಾಚೆ ಯಾವ ಹೊಣೆಯೂ ಇಲ್ಲವೆಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತಿತ್ತು.

1955ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಹೆನ್ನಿಂಗ್‌ಸನ್ ಎಂಬವರು ತಾಯಂದಿರ ದಿನದ ಉಡುಗೊರೆಯಾಗಿ ಹೆಂಡತಿಗೆ ಒಂದು ಪ್ಲಿಮತ್ ಕಾರು ಕೊಡಿಸಿದರು. ಹತ್ತು ದಿನಗಳಾಗಿದ್ದವು, ಕಾರು ಓಡಿದ್ದು 468 ಮೈಲಿ. ಆಕೆ ಓಡಿಸುತ್ತಿದ್ದಾಗ ಮುಂಭಾಗದಲ್ಲಿ ದೊಡ್ಡ ಸದ್ದಾಗಿ, ಸ್ಟಿಯರಿಂಗ್ ಕೈಯಲ್ಲೇ ತಿರುಗಿ, ಕಾರು ಗೋಡೆಗೆ ಬಡಿಯಿತು. ತಯಾರಕರು ಮತ್ತು ಮಾರಾಟಗಾರರು ಒಪ್ಪಂದದ ಹಿಂಬದಿಯ ಸಣ್ಣ ಅಕ್ಷರಗಳನ್ನು ತೋರಿಸಿದರು. 1960ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಎಲ್ಲ ದೊಡ್ಡ ಕಂಪನಿಗಳೂ ಒಂದೇ ಕಾಗದ ಮುಂದಿಟ್ಟಾಗ ಕೊಳ್ಳುವವನಿಗೆ ಆಯ್ಕೆ ಎಲ್ಲಿದೆ? ರಸ್ತೆಗಿಳಿಯಲು ಯೋಗ್ಯವಾಗಿದೆ ಎಂಬ ಭರವಸೆ ಕಾರಿನ ಜೊತೆಯಲ್ಲೇ ಬರುತ್ತದೆ, ಅಚ್ಚು ಹಾಕಿಸಿದ ಸಾಲಿನಿಂದ ಅದನ್ನು ಅಳಿಸುವಂತಿಲ್ಲ ಎಂದು ತೀರ್ಪಾಯಿತು. ಬೆಜೋರ್ ಕಲ್ಲಿನ ನ್ಯಾಯ ಅಲ್ಲಿಗೆ ತಲೆಕೆಳಗಾಯಿತು ಎನ್ನಬೇಕು.

ಅದೇ ಹೊತ್ತಿಗೆ ಕಂಪನಿಗಳಿಗೂ ವಾರಂಟಿಯ ಇನ್ನೊಂದು ಉಪಯೋಗ ಹೊಳೆದಿತ್ತು. 1961ರ ಕಾರುಗಳಿಗೆ ಫೋರ್ಡ್ 12 ತಿಂಗಳು ಅಥವಾ 12,000 ಮೈಲಿಗಳ ಖಾತರಿ ಕೊಟ್ಟಿತು. 1963ರ ಮಾದರಿಗಳ ಎಂಜಿನ್ ಮತ್ತು ಗೇರ್ ವ್ಯವಸ್ಥೆಗೆ ಕ್ರೈಸ್ಲರ್ ಘೋಷಿಸಿದ್ದು 5 ವರ್ಷ ಅಥವಾ 50,000 ಮೈಲಿ. ಪೈಪೋಟಿಯಲ್ಲಿ ಉಳಿದವರೂ ಹಿಂಬಾಲಿಸಿದರು. ರಿಪೇರಿಯ ಖರ್ಚು ಏರಿತು. ದಶಕ ಮುಗಿಯುವ ಹೊತ್ತಿಗೆ ಕಂಪನಿಗಳು ಒಂದೊಂದೇ ಹೆಜ್ಜೆ ಹಿಂದಿಡತೊಡಗಿದವು. ಬಿಟ್ಟಿಯಾಗಿ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡಾಗ ಉಳಿದ ಖಾಲಿ ಜಾಗದಲ್ಲಿ ದುಡ್ಡಿಗೆ ಮಾರುವ ವಾರಂಟಿ ಬೇರುಬಿಟ್ಟಿತು.

1970ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಮೂರು ಪತ್ರಿಕೆಗಳು ಅದನ್ನು ಮೊದಲು ತಿರಸ್ಕರಿಸಿದ್ದವು. 2001ರಲ್ಲಿ ಇನ್ನಿಬ್ಬರ ಜೊತೆ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ದಡದಲ್ಲಿ ನಿಂತು ಕೆರೆಯೊಳಗಿನ ಎಮ್ಮೆಯ ವ್ಯಾಪಾರ ಮಾಡಿದಂತೆ ಎಂಬ ಗಾದೆಯ ಸಂಗತಿಯೇ ಅವರ ವಿಷಯ. ಸರಕಿನ ನಿಜಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಈ ಅಪನಂಬಿಕೆಯಲ್ಲಿ ಒಳ್ಳೆಯ ಕಾರಿಗೂ ಕೆಟ್ಟ ಕಾರಿನ ಬೆಲೆಯೇ ಸಿಕ್ಕಿ, ಒಳ್ಳೆಯವು ಮಾರುಕಟ್ಟೆಯಿಂದಲೇ ಹೊರಬೀಳುತ್ತವೆ. ವಾರಂಟಿ ಇದಕ್ಕೊಂದು ಮದ್ದು ಎಂದರು ಅಕರ್ಲಾಫ್. ಕೆಟ್ಟ ಕಾರನ್ನು ಅಮೆರಿಕನ್ನರು ‘ನಿಂಬೆಹಣ್ಣು’ ಎನ್ನುತ್ತಾರೆ; ಪ್ರಬಂಧದ ಶೀರ್ಷಿಕೆಯಲ್ಲೂ ಅದೇ ಪದವಿದೆ. ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜಿಸುವ ಕನ್ನಡಿಗರಿಗೆ ಈ ಬೈಗುಳ ವಿಚಿತ್ರವೆನಿಸಬಹುದು. 1998ರಲ್ಲಿ ಹ್ಯುಂಡೈ ಕಂಪನಿ ಅಮೆರಿಕದಲ್ಲಿ 10 ವರ್ಷ ಅಥವಾ 1 ಲಕ್ಷ ಮೈಲಿಗಳ ಖಾತರಿ ಘೋಷಿಸಿ ತನ್ನ ಹಾಳಾಗಿದ್ದ ಹೆಸರನ್ನು ಸರಿಪಡಿಸಿಕೊಂಡದ್ದು ಇದೇ ತತ್ವದ ಮೇಲೆ. ತನ್ನ ಕಾರಿನ ಮೇಲೆ ನಂಬಿಕೆಯಿಲ್ಲದವನು ಇಂಥ ಮಾತು ಕೊಟ್ಟು ಬದುಕಲಾರ.

ಆದರೆ ಕಾರಿನ ಬೆಲೆಯಲ್ಲೇ ಸೇರಿ ಬರುವ ವಾರಂಟಿಯ ಮಾತು ಇದು. ಬೇರೆ ದುಡ್ಡು ಕೊಟ್ಟು ಕೊಳ್ಳುವ ಪತ್ರ ಕಾರಿನ ಗುಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದೊಂದು ಬಗೆಯ ವಿಮೆ. ಈ ಭೇದವನ್ನು ಕಾನೂನಿನಲ್ಲಿ ಸ್ಪಷ್ಟಪಡಿಸಿದ್ದು 1975ರ ಮ್ಯಾಗ್ನುಸನ್–ಮಾಸ್ ವಾರಂಟಿ ಕಾಯಿದೆ. ಅದಕ್ಕೆ ಸಹಿ ಹಾಕಿದ ಅಧ್ಯಕ್ಷರ ಹೆಸರು ಫೋರ್ಡ್; ಕಾರಿನ ಮನೆತನಕ್ಕೂ ಅವರಿಗೂ ನಂಟಿಲ್ಲ. ಬೆಲೆಯಲ್ಲಿ ಸೇರಿದ್ದರೆ ಅದು ವಾರಂಟಿ, ಪ್ರತ್ಯೇಕ ಹಣಕ್ಕೆ ಮಾರಿದರೆ ಸೇವಾ ಒಪ್ಪಂದ ಎಂದಿತು ಕಾಯಿದೆ. ಕಂಪನಿಯ ಬಿಡಿಭಾಗಗಳನ್ನೇ ದುಡ್ಡು ಕೊಟ್ಟು ಹಾಕಿಸಿದರೆ ಮಾತ್ರ ವಾರಂಟಿ ಎಂಬ ಷರತ್ತಿಗೂ ಕಡಿವಾಣ ಹಾಕಿತು. ಆದರೂ ‘ವಿಸ್ತರಿತ ವಾರಂಟಿ’ ಎಂಬ ಹೆಸರೇ ಬಾಯಿಗೆ ಬಂತು, ಅದೇ ಉಳಿಯಿತು. ಇಲ್ಲದ ನಂಟನ್ನು ಹೆಸರೇ ಸೃಷ್ಟಿಸಿತು.

ಹೆಸರಿನ ಈ ಮಬ್ಬಿನಲ್ಲಿ ಕಳ್ಳರೂ ನುಸುಳಿದರು. ಕಾರಿನ ವಾರಂಟಿ ಮುಗಿಯುತ್ತಿದೆ ಎಂದು ಹೆದರಿಸುವ ಧ್ವನಿಮುದ್ರಿತ ದೂರವಾಣಿ ಕರೆಗಳು ಅಮೆರಿಕದ ಮನೆಮನೆಯ ಪೀಡೆಯಾದವು. ಇಂಥ ಒಂದೇ ಜಾಲ 2021ರಲ್ಲಿ ಮೂರು ತಿಂಗಳೊಳಗೆ 500 ಕೋಟಿಗೂ ಹೆಚ್ಚು ಕರೆಗಳನ್ನು ಮಾಡಿತ್ತೆಂದು ಅಲ್ಲಿನ ಸಂಪರ್ಕ ಆಯೋಗ ಲೆಕ್ಕಹಾಕಿ, 2023ರಲ್ಲಿ ಸುಮಾರು 30 ಕೋಟಿ ಡಾಲರ್ ದಂಡ ವಿಧಿಸಿತು. ಕಾನೂನಿನ ಚೌಕಟ್ಟಿನೊಳಗಿದ್ದ ಸಂಸ್ಥೆಗಳೂ ಮುಳುಗಿದ್ದುಂಟು. ಇಂಥ ಒಪ್ಪಂದಗಳಿಗೆ ಬೆನ್ನಾಗಿ ನಿಂತಿದ್ದ, ಕೇಮನ್ ದ್ವೀಪಗಳಲ್ಲಿ ನೋಂದಾಯಿತವಾಗಿದ್ದ ಒಂದು ವಿಮಾ ಸಂಸ್ಥೆ 2003ರಲ್ಲಿ ದಿವಾಳಿಯಾದಾಗ ಬಹಳಷ್ಟು ಜನರ ಪತ್ರಗಳು ಬರೀ ಕಾಗದವಾದವು. ಹೀಗಾಗಿ ಪತ್ರವನ್ನು ಇಟ್ಟುಕೊಳ್ಳಬೇಕೇ ಎಂದು ಯೋಚಿಸುವವನು ಮೊದಲು ನೋಡಬೇಕಾದದ್ದು ಅದರ ತುದಿಯಲ್ಲಿ ಹಣ ಕೊಡಬೇಕಾದವನು ಯಾರೆಂಬುದನ್ನು. ಕಾರು ಮಾರಿದ ಅಂಗಡಿಯ ಫಲಕಕ್ಕೂ ಆ ಹೆಸರಿಗೂ ಸಂಬಂಧವೇ ಇಲ್ಲದಿರಬಹುದು.

ಇನ್ನು ಲೆಕ್ಕ. ಅಮೆರಿಕದ ಅನೇಕ ರಾಜ್ಯಗಳು ಇಂಥ ಒಪ್ಪಂದವನ್ನು ರದ್ದು ಮಾಡುವ ಹಕ್ಕು ಕೊಟ್ಟಿವೆ. ಕ್ಯಾಲಿಫೋರ್ನಿಯಾದಲ್ಲಿ ಹೊಸ ಕಾರಿನ ಒಪ್ಪಂದವನ್ನು, ಅದರಡಿ ರಿಪೇರಿ ಪಡೆದಿರದಿದ್ದರೆ, 60 ದಿನಗಳೊಳಗೆ ಮರಳಿಸಿ ಪೂರ್ತಿ ಹಣ ಪಡೆಯಬಹುದು. ಆಮೇಲಾದರೆ ಬಳಸಿದ ಅವಧಿಯ ಪಾಲು ಕಳೆದು ಉಳಿದದ್ದು ಕೈಗೆ ಬರುತ್ತದೆ. ನಾರದನ ಮೂವತ್ತನೆಯ ಪಾಲು ಇಲ್ಲಿ ಬೇರೆ ವೇಷದಲ್ಲಿದೆ. ಅವನ ಗಡುವು ಮೂರು ದಿನ, ಇಲ್ಲಿ ಹಲವು ವರ್ಷ.

ಒಂದು ಮಾದರಿ ತೆಗೆದುಕೊಳ್ಳಬಹುದು. ಆರು ವರ್ಷದ ಒಪ್ಪಂದ, ಬೆಲೆ 2,400 ಡಾಲರ್. ಕಂಪನಿಯ ವಾರಂಟಿ ಮೂರು ವರ್ಷ. ಒಪ್ಪಂದದ ಗಡಿಯಾರ ಸಾಮಾನ್ಯವಾಗಿ ಕಾರು ಕೊಂಡ ದಿನದಿಂದಲೇ ಓಡುತ್ತದೆ. ಒಂದು ವರ್ಷಕ್ಕೆ ರದ್ದು ಮಾಡಿದರೆ 2,000 ಡಾಲರ್, ಮೂರು ವರ್ಷಕ್ಕಾದರೆ 1,200, ಅದರಲ್ಲೂ ಒಂದಿಷ್ಟು ಶುಲ್ಕ ಕಡಿತ. ಸ್ವಾರಸ್ಯ ಇರುವುದು ಇಲ್ಲೇ. ಮೊದಲ ಮೂರು ವರ್ಷ ಕೆಟ್ಟದ್ದನ್ನು ಕಂಪನಿಯೇ ರಿಪೇರಿ ಮಾಡಿಕೊಡುವುದರಿಂದ ದುಡ್ಡು ಕೊಟ್ಟ ಪತ್ರ ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ. ಮರಳಿ ಬರುವ ಹಣವೋ ತಿಂಗಳಿಂದ ತಿಂಗಳಿಗೆ ಸಮನಾಗಿ ಇಳಿಯುತ್ತದೆ. ಕಾರು ಕೆಡುವ ಸಂಭವ ವಯಸ್ಸಾದಂತೆ ಏರುತ್ತದೆ. ಆದ್ದರಿಂದ ರದ್ದು ಮಾಡುವವನು ಮೊದಲ ತಿಂಗಳುಗಳಲ್ಲೇ ಮಾಡುವುದು ಲೇಸು. ಮೂರು ವರ್ಷ ಸುಮ್ಮನಿದ್ದು, ಪತ್ರ ಎಚ್ಚರಗೊಳ್ಳುವ ಹೊತ್ತಿಗೆ ‘ಇದುವರೆಗೂ ಉಪಯೋಗಕ್ಕೆ ಬರಲಿಲ್ಲ’ ಎಂದು ರದ್ದು ಮಾಡುವವನ ವ್ಯಾಪಾರವೇ ಎಲ್ಲಕ್ಕಿಂತ ಕೆಟ್ಟದ್ದು. ಆಗ ಅವನ ಮುಂದಿರುವ ಪ್ರಶ್ನೆ 2,400 ದಂಡವಾಯಿತೇ ಎಂಬುದಲ್ಲ. ಮುಂದಿನ ಮೂರು ವರ್ಷದ ಕಾವಲಿಗೆ ಇಂದು 1,200 ಕೊಡಲು ತಾನು ಸಿದ್ಧನೇ ಎಂಬುದು.

ಉತ್ತರ ಕಾರಿಗಿಂತ ಹೆಚ್ಚಾಗಿ ಮನೆಯ ಸ್ಥಿತಿಯನ್ನು ಅವಲಂಬಿಸಿದೆ. ಬೆಲೆಯಲ್ಲಿ ಮಾರಿದವನ ದಲ್ಲಾಳಿ, ನಡೆಸುವವನ ಲಾಭ ಎರಡೂ ಸೇರಿರುವುದರಿಂದ ಕೊಳ್ಳುವವರನ್ನೆಲ್ಲ ಒಟ್ಟಾಗಿ ನೋಡಿದರೆ ಕೊಟ್ಟದ್ದಕ್ಕಿಂತ ಪಡೆದದ್ದು ಕಡಿಮೆಯೇ. ನಾಲ್ಕು ಸಾವಿರ ಡಾಲರಿನ ರಿಪೇರಿಯನ್ನು ಉಳಿತಾಯದಿಂದ ತೂಗಿಸಬಲ್ಲವರಿಗೆ ಆ ಹಣ ಬ್ಯಾಂಕಿನಲ್ಲಿದ್ದರೇ ಚೆನ್ನ. ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದ, ತಿಂಗಳ ಸಂಬಳವನ್ನೇ ನಂಬಿದ ಸಂಸಾರಕ್ಕೆ ಗೇರ್‌ಬಾಕ್ಸ್ ಕೆಟ್ಟರೆ ನೌಕರಿಯೇ ಹೋದೀತು. ಅವರಿಗೆ ಈ ಕಾವಲು ಬೇಕೆನಿಸಿದರೆ ತಪ್ಪಲ್ಲ. ಆದರೆ ಪತ್ರದ ಬೆಲೆಯನ್ನು ಸಾಲಕ್ಕೆ ಸೇರಿಸಿ ವರ್ಷಗಟ್ಟಲೆ ಬಡ್ಡಿ ಕಟ್ಟುವವರೂ ಸಾಮಾನ್ಯವಾಗಿ ಅವರೇ. ರದ್ದು ಮಾಡಿದಾಗ ಹಣ ಮೊದಲು ಹೋಗುವುದು ಸಾಲ ಕೊಟ್ಟವನಿಗೆ. ಅಸಲು ಇಳಿಯುತ್ತದೆ, ತಿಂಗಳ ಕಂತು ಹಾಗೆಯೇ ಇರುತ್ತದೆ. ಕೈಗೆ ಏನೂ ಬರಲಿಲ್ಲವೆಂದು ಗಾಬರಿಯಾಗುವವರಿದ್ದಾರೆ. ಅವಧಿಗೆ ಮುಂಚೆ ಕಾರು ಮಾರಿದರೂ ಒಪ್ಪಂದದ ಉಳಿದ ಪಾಲು ಕೇಳಬಹುದೆಂಬುದು ಗೊತ್ತಿಲ್ಲದೆ ಅದನ್ನು ಹಾಗೇ ಬಿಟ್ಟವರೂ ಇದ್ದಾರೆ.

ಭಾರತದಲ್ಲೂ ಕಾರಿನ ಜೊತೆ ವಿಸ್ತರಿತ ವಾರಂಟಿ ಮಾರುವ ರೂಢಿ ಬೇರೂರಿದೆ. ಇಲ್ಲಿ ವ್ಯಾಪಾರದ ಮೂಲ ಕಾನೂನು 1930ರ ಸರಕು ಮಾರಾಟ ಕಾಯಿದೆ; ಅದು ಬಂದದ್ದು ಇಂಗ್ಲೆಂಡಿನಿಂದ, ಕಲ್ಯಾಣದಿಂದಲ್ಲ. ಅದರ ಪ್ರಕಾರ ವಾರಂಟಿ ಮುರಿದರೆ ನಷ್ಟಪರಿಹಾರ ಕೇಳಬಹುದು, ಸರಕನ್ನೇ ತಿರಸ್ಕರಿಸುವಂತಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯಿದೆ ಒಂದು ಹೆಜ್ಜೆ ಮುಂದೆ ಹೋಗಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ವಾಪಸು ಪಡೆದು ಹಣ ಹಿಂದಿರುಗಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಎಂದು ಅದು ಹೇಳುತ್ತದೆ. ಸರಕಿನಲ್ಲಿ ದೋಷವಿಲ್ಲದೆ ಬರೀ ಮನಸ್ಸು ಬದಲಾದವನಿಗೆ ಈ ಮಾತು ಅನ್ವಯಿಸುವುದಿಲ್ಲ. ಅಂಥವನು ಸಹಿ ಹಾಕಿದ ಪತ್ರದಲ್ಲೇ ರದ್ದತಿಯ ಷರತ್ತನ್ನು ಹುಡುಕಬೇಕು.