ಕ್ಷಯರೋಗ ಸಂಶೋಧನೆ: ಭಾರತದಲ್ಲಿ ನಡೆದು ಬಂದ ದಾರಿ

ಕ್ಷಯ ಅಥವಾ ಟಿ.ಬಿ., ಮೈಕೋಬ್ಯಾಕ್ಟೀರಿಯಂ ಟ್ಯುಬರ್‌ಕ್ಯುಲೋಸಿಸ್ ಎಂಬ ರೋಗಾಣುವಿನಿಂದ ಬರುವ ಸಾಂಕ್ರಾಮಿಕ ರೋಗ. ಶ್ವಾಸಕೋಶದ ಕ್ಷಯವಿದ್ದವರು ಕೆಮ್ಮಿದಾಗ ರೋಗಾಣು ಗಾಳಿಗೆ ಸೇರಿ, ಅದೇ ಗಾಳಿಯನ್ನು ಉಸಿರಾಡುವವರ ಒಳಹೊಗುತ್ತದೆ. ಸೋಂಕು ತಗುಲಿದವರೆಲ್ಲ ರೋಗಿಗಳಾಗುವುದಿಲ್ಲ. ಬಹುಪಾಲು ಜನರಲ್ಲಿ ದೇಹವೇ ಅದನ್ನು ಹತ್ತಿಕ್ಕಿ ಇಟ್ಟಿರುತ್ತದೆ. ಅರೆಹೊಟ್ಟೆಯ ಬದುಕು, ಎಚ್‌ಐವಿ, ಮಧುಮೇಹ, ತಂಬಾಕು, ಕುಡಿತ ಈ ಹಿಡಿತವನ್ನು ಸಡಿಲಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನ 1.08 ಕೋಟಿ ಜನ ಕ್ಷಯಕ್ಕೆ ತುತ್ತಾದರು, ಸುಮಾರು 12.5 ಲಕ್ಷ ಜನ ಸತ್ತರು. ಒಟ್ಟು ರೋಗಿಗಳಲ್ಲಿ ಶೇ. 26ರಷ್ಟು ಮಂದಿ ಭಾರತದವರು.

ಈ ರೋಗಕ್ಕೆ ಇಂದು ಜಗತ್ತಿನಲ್ಲಿ ಚಿಕಿತ್ಸೆ ಕೊಡುವ ರೀತಿಯನ್ನು ರೂಪಿಸಿದ ಕೆಲಸದಲ್ಲಿ ದೊಡ್ಡ ಪಾಲು ದಕ್ಷಿಣ ಭಾರತದಲ್ಲಿ ನಡೆಯಿತು: ಮದರಾಸಿನ ಬಡವರ ಮನೆಗಳಲ್ಲಿ, ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ, ಬೆಂಗಳೂರಿನ ಬಳ್ಳಾರಿ ರಸ್ತೆಯ ಒಂದು ಹಳೆಯ ಅರಮನೆಯಲ್ಲಿ. ಆ ಕೆಲಸದ ಫಲವನ್ನು ದೇಶ ಎಷ್ಟರ ಮಟ್ಟಿಗೆ ಬಳಸಿಕೊಂಡಿತು ಎಂಬುದೂ ಈ ಇತಿಹಾಸದ ಭಾಗವೇ.

ಔಷಧಕ್ಕೆ ಮೊದಲು

ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ಪತ್ತೆಹಚ್ಚಿರುವುದಾಗಿ ಪ್ರಕಟಿಸಿದ. ಕಾರಣ ತಿಳಿಯಿತು, ಆದರೆ ಮದ್ದು ಸಿಗಲು ಅಲ್ಲಿಂದ ಆರು ದಶಕ ಬೇಕಾಯಿತು. ಅಲ್ಲಿಯವರೆಗೆ ಇದ್ದದ್ದು ಸ್ಯಾನಿಟೋರಿಯಂ ಒಂದೇ: ಊರ ಹೊರಗಿನ ಒಳ್ಳೆಯ ಗಾಳಿ, ತಿಂಗಳುಗಟ್ಟಲೆ ವಿಶ್ರಾಂತಿ, ಪುಷ್ಟಿಕರವಾದ ಊಟ. ಮದನಪಲ್ಲಿಯ ಬಳಿಯ ಆರೋಗ್ಯವರಂ ಸ್ಯಾನಿಟೋರಿಯಂ ದಕ್ಷಿಣದಲ್ಲಿ ಬಹು ಹೆಸರು ಮಾಡಿತ್ತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯಕ್ಕೆ ಬಲಿಯಾದ ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿನಲ್ಲಿ ಕಟ್ಟಿಸಿದ ಆಸ್ಪತ್ರೆ ಇಂದಿಗೂ ಪಿ.ಕೆ.ಟಿ.ಬಿ. ಎಂದೇ ಜನರ ಬಾಯಲ್ಲಿದೆ. ಅರಮನೆಯವರನ್ನೂ ಬಿಡದ ರೋಗ ಇದು, ಆದರೂ ಅದು ಹೆಚ್ಚಾಗಿ ಹುಡುಕಿಕೊಂಡು ಹೋದದ್ದು ಬಡವರ ಮನೆಯನ್ನೇ.

ಅಮೆರಿಕದಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯ ಆಲ್ಬರ್ಟ್ ಶಾಟ್ಜ್ 1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಬೇರ್ಪಡಿಸಿದರು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಅದನ್ನು 107 ರೋಗಿಗಳ ಮೇಲೆ ಪರೀಕ್ಷಿಸಿ 1948ರಲ್ಲಿ ಫಲಿತಾಂಶ ಪ್ರಕಟಿಸಿತು. ಯಾರಿಗೆ ಔಷಧ, ಯಾರಿಗೆ ಬರಿಯ ವಿಶ್ರಾಂತಿ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಯಾದೃಚ್ಛಿಕವಾಗಿ ನಿರ್ಧರಿಸಿದ ಆ ಪ್ರಯೋಗ ಇಂದಿನ ಎಲ್ಲ ಔಷಧ ಪರೀಕ್ಷೆಗಳಿಗೂ ಮಾದರಿಯಾಯಿತು. ಅದೇ ಪ್ರಯೋಗ ಇನ್ನೊಂದು ಕಟು ಸತ್ಯವನ್ನೂ ತೋರಿಸಿತು: ಒಂದೇ ಔಷಧ ಕೊಟ್ಟರೆ ರೋಗಾಣು ಕೆಲವೇ ತಿಂಗಳಲ್ಲಿ ಅದಕ್ಕೆ ಬಗ್ಗದಂತಾಗುತ್ತದೆ. ಹಾಗಾಗಿ ಪಿ.ಎ.ಎಸ್. ಎಂಬ ಇನ್ನೊಂದು ಔಷಧ ಜೊತೆಗೂಡಿತು, 1952ರಲ್ಲಿ ಅಗ್ಗದ, ಬಾಯಲ್ಲಿ ನುಂಗಬಹುದಾದ ಐಸೋನಿಯಾಜಿಡ್ ಬಂತು.

ಮದರಾಸಿನ ಪ್ರಯೋಗ

ಭಾರತದ ತೊಡಕು ಬೇರೆಯೇ ಆಗಿತ್ತು. 1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ, ಕ್ಷಯ ಪಟ್ಟಣಗಳಲ್ಲಿ ಇರುವಷ್ಟೇ ಹಳ್ಳಿಗಳಲ್ಲೂ ಇದೆ ಎಂದು ತೋರಿಸಿತು. ರೋಗ ಹರಡಬಲ್ಲವರ ಸಂಖ್ಯೆ ಲಕ್ಷಗಳ ಲೆಕ್ಕದಲ್ಲಿತ್ತು. ಆಸ್ಪತ್ರೆಯ ಹಾಸಿಗೆಗಳು ಅದರ ಸಣ್ಣ ಪಾಲಿಗೂ ಸಾಲುತ್ತಿರಲಿಲ್ಲ. ಸ್ಯಾನಿಟೋರಿಯಂ ಇಲ್ಲದೆ ಕ್ಷಯ ವಾಸಿಯಾದೀತೇ? 1956ರಲ್ಲಿ ಮದರಾಸಿನಲ್ಲಿ ಶುರುವಾದ ಕ್ಷಯರೋಗ ಔಷಧ ಚಿಕಿತ್ಸಾ ಕೇಂದ್ರ ಹಿಡಿದುಕೊಂಡದ್ದು ಇದೇ ಪ್ರಶ್ನೆಯನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಬ್ರಿಟನ್ನಿನ ಮಂಡಳಿ ಸೇರಿ ನಡೆಸಿದ ಆ ಕೇಂದ್ರಕ್ಕೆ ವಾಲೇಸ್ ಫಾಕ್ಸ್ ಮುಖ್ಯಸ್ಥರಾಗಿದ್ದರು.

193 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಎರಡಕ್ಕೂ ವರ್ಷವಿಡೀ ಐಸೋನಿಯಾಜಿಡ್ ಮತ್ತು ಪಿ.ಎ.ಎಸ್. ಕೊಡಲಾಯಿತು. ಒಂದು ಗುಂಪು ಸ್ಯಾನಿಟೋರಿಯಂನಲ್ಲಿ, ಇನ್ನೊಂದು ತಮ್ಮ ಇಕ್ಕಟ್ಟಾದ ಮನೆಗಳಲ್ಲೇ. ಸ್ಯಾನಿಟೋರಿಯಂನವರಿಗೆ ಒಳ್ಳೆಯ ಊಟ, ಪೂರ್ತಿ ವಿಶ್ರಾಂತಿ, ದಾದಿಯರ ಆರೈಕೆ ಇತ್ತು. ಮನೆಯವರಿಗೆ ಇದ್ಯಾವುದೂ ಇರಲಿಲ್ಲ. 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪುಗಳ ಬಹುಪಾಲು ರೋಗಿಗಳು ಹೆಚ್ಚುಕಡಿಮೆ ಸಮನಾಗಿ ಗುಣವಾಗಿದ್ದರು. ಮನೆಮಂದಿಗೆ ರೋಗ ಅಂಟುವ ಅಪಾಯವೂ ಮನೆಯ ಗುಂಪಿನಲ್ಲಿ ಹೆಚ್ಚಿರಲಿಲ್ಲ, ಏಕೆಂದರೆ ಅಂಟುವುದು ಬಹುಮಟ್ಟಿಗೆ ರೋಗ ಪತ್ತೆಯಾಗುವ ಮೊದಲೇ ಅಂಟಿರುತ್ತದೆ.

ಇದು ಇಪ್ಪತ್ತನೆಯ ಶತಮಾನದ ವೈದ್ಯಕೀಯದ ಬಹು ದೊಡ್ಡ ಕೆಲಸಗಳಲ್ಲಿ ಒಂದು. ತಾಯಿಯನ್ನು ಮಕ್ಕಳಿಂದ, ದುಡಿಯುವವನನ್ನು ಮನೆಯಿಂದ ವರ್ಷಗಟ್ಟಲೆ ಅಗಲಿಸುವ ಪದ್ಧತಿ ಜಗತ್ತಿನಾದ್ಯಂತ ಕೊನೆಗೊಳ್ಳಲು ಇದೇ ಕಾರಣವಾಯಿತು. ಆದರೆ ಈ ಫಲಿತಾಂಶವನ್ನು ಓದಿದವರು ಅದರಲ್ಲಿ ಇದ್ದುದಕ್ಕಿಂತ ಹೆಚ್ಚಿನದನ್ನು ಓದಿಕೊಂಡರು. ಪರಿಣಾಮಕಾರಿ ಔಷಧ ಕೊಟ್ಟು, ಅದನ್ನು ನುಂಗುವಂತೆ ನೋಡಿಕೊಂಡರೆ ಬಡ ಊಟದ ನಡುವೆಯೂ ರೋಗಾಣು ಸಾಯುತ್ತದೆ ಎಂದು ಮದರಾಸು ತೋರಿಸಿತ್ತು. ರೋಗಿಗೆ ಊಟ ಮುಖ್ಯವಲ್ಲ ಎಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ. ಆದರೂ ಮುಂದಿನ ಅರ್ಧ ಶತಮಾನ ಕ್ಷಯದ ಸರ್ಕಾರಿ ಕಾರ್ಯಕ್ರಮಗಳಲ್ಲಿ ಊಟದ ಮಾತು ಬಹುಮಟ್ಟಿಗೆ ಮರೆಯಾಯಿತು.

ಮನೆಯಲ್ಲಿ ಚಿಕಿತ್ಸೆ ಎಂದ ಮೇಲೆ ಮಾತ್ರೆ ತಪ್ಪಿಸುವವರ ಪ್ರಶ್ನೆ ಬರುತ್ತದೆ. ಅದಕ್ಕೂ ಮದರಾಸಿನವರು ದಾರಿ ಹುಡುಕಿದರು: ವಾರಕ್ಕೆ ಎರಡೇ ಬಾರಿ, ಆದರೆ ಸಿಬ್ಬಂದಿಯ ಕಣ್ಣೆದುರಿಗೇ ಔಷಧ ಕೊಡುವ ಕ್ರಮ. 1964ರಲ್ಲಿ ಪ್ರಕಟವಾದ ಈ ಅಧ್ಯಯನವೇ ಮುಂದೆ ಡಾಟ್ಸ್ ಎಂದು ಹೆಸರಾದ ಪದ್ಧತಿಯ ಬೇರು. ಆ ಕೇಂದ್ರ ಇಂದು ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ.

ಬೆಂಗಳೂರು ಮತ್ತು ತುಮಕೂರು

ಚಿಕಿತ್ಸೆ ಸಿಕ್ಕಿತು, ಅದನ್ನು ಕೋಟ್ಯಂತರ ಜನರಿಗೆ ತಲುಪಿಸುವುದು ಹೇಗೆ? ಇದಕ್ಕೆಂದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಮೈಸೂರು ಮಹಾರಾಜರದ್ದಾಗಿದ್ದ ಅವಲಾನ್ ಎಂಬ ಅರಮನೆಯಲ್ಲಿ ನೆಲೆಗೊಂಡ ಅದನ್ನು 1960ರ ಸೆಪ್ಟೆಂಬರಿನಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ವೈದ್ಯರ ಜೊತೆಗೆ ಸಂಖ್ಯಾಶಾಸ್ತ್ರಜ್ಞರು, ಸಮಾಜ ವಿಜ್ಞಾನಿಗಳು ಒಂದೇ ಮೇಜಿನ ಸುತ್ತ ಕೂತು ಕೆಲಸ ಮಾಡಿದ್ದು ಈ ಸಂಸ್ಥೆಯ ಹಿರಿಮೆ.

ಅಲ್ಲಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಕೇಳಿದ ಪ್ರಶ್ನೆ ಬಹಳ ಸರಳ. ಹಳ್ಳಿಯ ಜನಕ್ಕೆ ತಿಳಿವಳಿಕೆ ಇಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ಎಕ್ಸ್‌ರೇ ವಾಹನಗಳನ್ನು ಊರೂರಿಗೆ ಓಡಿಸಬೇಕು ಎಂಬುದು ಆಗಿನ ತಜ್ಞರ ನಂಬಿಕೆ. ಇದು ನಿಜವೇ? ತುಮಕೂರು ಜಿಲ್ಲೆಯ ಸಮೀಕ್ಷೆಯಲ್ಲಿ ಕ್ಷಯವಿದೆ ಎಂದು ಕಂಡುಬಂದವರ ಮನೆಗೆ ಹೋಗಿ ಅವರು ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಉತ್ತರ ತಜ್ಞರ ನಂಬಿಕೆಯನ್ನು ಬುಡಮೇಲು ಮಾಡಿತು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಕೆಮ್ಮು, ಜ್ವರ, ಎದೆನೋವಿನ ಅರಿವಿತ್ತು. ಹೆಚ್ಚಿನವರು ಅದರ ಬಗ್ಗೆ ಚಿಂತೆಯಲ್ಲಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಯಾವುದೋ ಆಸ್ಪತ್ರೆಯ ಬಾಗಿಲು ತಟ್ಟಿದ್ದರು; ಕೆಮ್ಮಿಗೆ ಒಂದು ಸೀಸೆ ಔಷಧ ಕೊಟ್ಟು ಅವರನ್ನು ಸಾಗಹಾಕಲಾಗಿತ್ತು. ಕಫ ಪರೀಕ್ಷೆ ಮಾಡುವವರಿರಲಿಲ್ಲ. ತಪ್ಪು ರೋಗಿಯದಾಗಿರಲಿಲ್ಲ.

ಅಚ್ಚಾಗುವ ಮೊದಲೇ ಸಂಸ್ಥೆಗೆ ದಕ್ಕಿದ್ದ ಈ ಅರಿವಿನ ಮೇಲೆ ಕಟ್ಟಿದ್ದೇ ಕ್ಷಯ ನಿಯಂತ್ರಣದ 1962ರ ರಾಷ್ಟ್ರೀಯ ಕಾರ್ಯಕ್ರಮ. ಕ್ಷಯಕ್ಕೆ ಪ್ರತ್ಯೇಕ ಆಸ್ಪತ್ರೆಗಳ ಜಾಲ ಬೇಡ. ಜಿಲ್ಲೆಯ ಸಾಮಾನ್ಯ ಆರೋಗ್ಯ ಕೇಂದ್ರಗಳಿಗೇ ಸೂಕ್ಷ್ಮದರ್ಶಕ ಮತ್ತು ಮಾತ್ರೆ ಒದಗಿಸಿ, ಕೆಮ್ಮೆಂದು ಬಂದವರ ಕಫ ನೋಡಿ ಎಂಬುದು ಅದರ ತಿರುಳು. ಇದೇ ಅವಧಿಯಲ್ಲಿ ಸಂಸ್ಥೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಐದು ವರ್ಷ ಬೆನ್ನುಹತ್ತಿ, ಚಿಕಿತ್ಸೆಯ ವ್ಯವಸ್ಥೆ ಇಲ್ಲದೆಡೆ ಕ್ಷಯ ಹೇಗೆ ನಡೆದುಕೊಳ್ಳುತ್ತದೆ ಎಂದು ದಾಖಲಿಸಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಐದು ವರ್ಷದೊಳಗೆ ಸತ್ತರು, ಮೂರರಲ್ಲಿ ಒಂದು ಪಾಲು ತಾವಾಗಿಯೇ ಗುಣವಾದರು, ಉಳಿದವರು ರೋಗ ಹರಡುತ್ತ ಬದುಕಿದ್ದರು. ಲೋಕದ ಸಾಂಕ್ರಾಮಿಕ ರೋಗಶಾಸ್ತ್ರಜ್ಞರು ಇಂದಿಗೂ ಈ ಅಂಕಿಗಳನ್ನು ಬಳಸುತ್ತಾರೆ. ಅವುಗಳ ಹಿಂದೆ ಇರುವುದು ನಮ್ಮ ಹಳ್ಳಿಗಳ ಸಾವುಗಳೆಂಬುದನ್ನು ಮರೆಯಬಾರದು.

ಯೋಜನೆ ಚೆನ್ನಾಗಿತ್ತು, ನಡೆಸಿಕೊಟ್ಟ ರೀತಿ ಚೆನ್ನಾಗಿರಲಿಲ್ಲ. ಹಣ ಸಾಲಲಿಲ್ಲ, ಔಷಧ ಹೊತ್ತಿಗೆ ಬರಲಿಲ್ಲ, ಚಿಕಿತ್ಸೆ ಶುರುಮಾಡಿದ ಅನೇಕರು ನಡುವೆಯೇ ಕೈಬಿಟ್ಟರು.

ಲಸಿಕೆಯ ನಿರಾಸೆ, ಔಷಧಗಳ ಓಟ

1921ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಬಳಸಿದ ಬಿ.ಸಿ.ಜಿ. ಲಸಿಕೆಯನ್ನು ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1968ರಿಂದ ಸುಮಾರು 2.6 ಲಕ್ಷ ಜನರ ಮೇಲೆ ಪರೀಕ್ಷಿಸಲಾಯಿತು. ವಯಸ್ಕರ ಶ್ವಾಸಕೋಶದ ಕ್ಷಯವನ್ನು ಅದು ತಡೆಯಲಿಲ್ಲ; ಹದಿನೈದು ವರ್ಷದ ಲೆಕ್ಕದಲ್ಲೂ ಉತ್ತರ ಬದಲಾಗಲಿಲ್ಲ. ಎಳೆಮಕ್ಕಳ ಮಿದುಳಿನ ಕ್ಷಯದಂಥ ತೀವ್ರ ರೂಪಗಳನ್ನು ತಡೆಯುತ್ತದೆಂಬ ಕಾರಣಕ್ಕೆ ಹುಟ್ಟಿದ ಕೂಡಲೇ ಅದನ್ನು ಕೊಡುವುದು ಮುಂದುವರಿದಿದೆ.

ರಿಫಾಂಪಿಸಿನ್ ಎಂಬ ಔಷಧ ಬಂದ ಮೇಲೆ ಒಂದೂವರೆ ವರ್ಷದ ಚಿಕಿತ್ಸೆ ಆರು ತಿಂಗಳಿಗೆ ಇಳಿಯಿತು. ಭಾರತ 1997ರಲ್ಲಿ ಪರಿಷ್ಕೃತ ಕಾರ್ಯಕ್ರಮ ಆರಂಭಿಸಿ 2006ರ ಹೊತ್ತಿಗೆ ಇಡೀ ದೇಶಕ್ಕೆ ಹಬ್ಬಿಸಿತು. ದಿನ ಬಿಟ್ಟು ದಿನ ಔಷಧ ಕೊಡುವ ಅದರ ಕ್ರಮವನ್ನು 2017ರಲ್ಲಿ ಕೈಬಿಟ್ಟು ದಿನವೂ ಮಾತ್ರೆ ಕೊಡುವ ಪದ್ಧತಿಗೆ ಮರಳಲಾಯಿತು.

ಈ ನಡುವೆ ಔಷಧಕ್ಕೆ ಬಗ್ಗದ ಕ್ಷಯ ಬೆಳೆಯಿತು. ಅದಕ್ಕೆ ಕೊಡುತ್ತಿದ್ದ ಸೂಜಿಮದ್ದುಗಳು ಎಷ್ಟೋ ಮಂದಿಯ ಕಿವಿಯನ್ನೇ ಕೆಡಿಸಿದವು. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೆಡಾಕ್ವಿಲಿನ್, ಸುಮಾರು ನಲವತ್ತು ವರ್ಷಗಳ ಬಳಿಕ ಕ್ಷಯಕ್ಕೆಂದೇ ಬಂದ ಹೊಸ ಬಗೆಯ ಔಷಧ. ಅದನ್ನು ಪ್ರಿಟೋಮಾನಿಡ್, ಲಿನೆಜೋಲಿಡ್‌ ಎಂಬ ಔಷಧಗಳ ಜೊತೆ ಸೇರಿಸಿ ದಕ್ಷಿಣ ಆಫ್ರಿಕದಲ್ಲಿ ಅತಿ ಕಠಿಣ ಸ್ಥಿತಿಯ 109 ರೋಗಿಗಳಿಗೆ ಕೊಟ್ಟಾಗ ಶೇ. 90ರಷ್ಟು ಮಂದಿಗೆ ಒಳ್ಳೆಯ ಫಲ ಸಿಕ್ಕಿತು. ಬರಿಯ ಮಾತ್ರೆಗಳ ಆರು ತಿಂಗಳ ಈ ಬಗೆಯ ಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, ಭಾರತ 2024ರಲ್ಲಿ ಒಪ್ಪಿಗೆ ಕೊಟ್ಟವು. ಬೆಡಾಕ್ವಿಲಿನ್ ಪೇಟೆಂಟನ್ನು ಇನ್ನಷ್ಟು ವರ್ಷ ಹಿಗ್ಗಿಸುವ ಅರ್ಜಿಯನ್ನು ಭಾರತದ ಪೇಟೆಂಟ್ ಕಚೇರಿ 2023ರ ಮಾರ್ಚ್‌ನಲ್ಲಿ ತಳ್ಳಿಹಾಕಿತು. ಅದರ ವಿರುದ್ಧ ತಕರಾರು ಸಲ್ಲಿಸಿದ್ದ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕದ ಫುಮೆಜಾ ಟಿಸಿಲೆ, ಇಬ್ಬರೂ ಹಳೆಯ ಚಿಕಿತ್ಸೆಯಲ್ಲಿ ಶ್ರವಣಶಕ್ತಿ ಕಳೆದುಕೊಂಡವರು. ಅಗ್ಗದ ಜೆನೆರಿಕ್ ಔಷಧಕ್ಕೆ ದಾರಿ ತೆರೆದುದರಲ್ಲಿ ಈ ಇಬ್ಬರ ಹೋರಾಟದ ಪಾಲು ದೊಡ್ಡದು.

ಪತ್ತೆಹಚ್ಚುವ ವಿಧಾನವೂ ಬದಲಾಯಿತು. ರೋಗಾಣುವಿನ ಡಿಎನ್‌ಎಯನ್ನೇ ಹುಡುಕುವ ಎಕ್ಸ್‌ಪರ್ಟ್ ಯಂತ್ರಕ್ಕೆ 2010ರಲ್ಲಿ ಮನ್ನಣೆ ಸಿಕ್ಕಿತು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡು ಗೋವೆಯ ಮಾಲ್‌ಬಯೋ ಕಂಪನಿ ತಯಾರಿಸುವ ಟ್ರೂನ್ಯಾಟ್ ಬ್ಯಾಟರಿಯಿಂದ ನಡೆಯುತ್ತದೆ. ಆದ್ದರಿಂದ ಕರೆಂಟು ಕೈಕೊಡುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೊಂದುತ್ತದೆ. ಅದನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅಂಗೀಕರಿಸಿತು. ಆದರೂ 2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಲಕ್ಷಣಗಳಿದ್ದವರ ಪೈಕಿ ಶೇ. 64ರಷ್ಟು ಮಂದಿ ಎಲ್ಲಿಗೂ ಚಿಕಿತ್ಸೆಗೆ ಹೋಗಿರಲಿಲ್ಲ. ತುಮಕೂರಿನ ಪ್ರಶ್ನೆಯನ್ನು ಇವರ ಮನೆಗಳಿಗೂ ಹೋಗಿ ಕೇಳಬೇಕಾಗಿದೆ.

ಮತ್ತೆ ಊಟದ ಕಡೆಗೆ

ಈಚಿನ ಸಂಶೋಧನೆಗಳಲ್ಲಿ ಅತ್ಯಂತ ಮಹತ್ವದ್ದು ಹೊಸ ಔಷಧದ್ದಲ್ಲ, ಅಕ್ಕಿ ಬೇಳೆಯದು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ, ಚೆನ್ನೈನ ಸಂಸ್ಥೆಯೊಂದಿಗೆ ಸೇರಿ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ ರೇಷನ್ಸ್ ಎಂಬ ಪ್ರಯೋಗ ನಡೆಸಿದರು. ಅಲ್ಲಿನ 2,800 ರೋಗಿಗಳಲ್ಲಿ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಅಪೌಷ್ಟಿಕತೆಯಿಂದ ಬಳಲುತ್ತಿದ್ದರು. ಎಲ್ಲ ರೋಗಿಗಳಿಗೂ ಔಷಧದ ಜೊತೆ ತಿಂಗಳಿಗೆ ಹತ್ತು ಕಿಲೋದಷ್ಟು ಆಹಾರ ಸಾಮಗ್ರಿ ಮತ್ತು ಜೀವಸತ್ವದ ಮಾತ್ರೆ ಸಿಕ್ಕಿತು. ಮನೆಮಂದಿ ಒಟ್ಟು 10,345 ಜನ. ಅವರಲ್ಲಿ ಒಂದು ಗುಂಪಿನ ಕುಟುಂಬಗಳಿಗೆ ಮಾತ್ರ ಪ್ರತಿ ವಯಸ್ಕರಿಗೆ ತಿಂಗಳಿಗೆ 5 ಕಿಲೋ ಅಕ್ಕಿ, 1.5 ಕಿಲೋ ಬೇಳೆ ಮತ್ತು ಜೀವಸತ್ವದ ಮಾತ್ರೆಗಳನ್ನು ಆರು ತಿಂಗಳು ಹೆಚ್ಚುವರಿಯಾಗಿ ಕೊಡಲಾಯಿತು.

2023ರ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಫಲಿತಾಂಶ ಬಂತು. ಅಕ್ಕಿ ಬೇಳೆ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು, ಹರಡಬಲ್ಲ ಬಗೆಯ ಕ್ಷಯ ಶೇ. 48ರಷ್ಟು ಕಡಿಮೆಯಾಗಿತ್ತು. ರೋಗಿಗಳ ಪೈಕಿ ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಇಳಿದಿತ್ತು. ಇದರ ಪಕ್ಕದಲ್ಲಿಟ್ಟು ನೋಡಿದರೆ, ದಕ್ಷಿಣ ಆಫ್ರಿಕ, ಕೆನ್ಯಾ, ಜಾಂಬಿಯಾಗಳಲ್ಲಿ ಪರೀಕ್ಷಿಸಿದ ಎಂ72 ಎಂಬ ಹೊಸ ಲಸಿಕೆ ಮೂರು ವರ್ಷದಲ್ಲಿ ಕೊಟ್ಟ ರಕ್ಷಣೆ ಸುಮಾರು ಶೇ. 50, ಅದರ ಅಂತಿಮ ಹಂತದ ಪರೀಕ್ಷೆ 2024ರಲ್ಲಷ್ಟೇ ಶುರುವಾಯಿತು. ಅಕ್ಕಿ ಬೇಳೆ ಹಂಚಬಲ್ಲ ಪಡಿತರ ಅಂಗಡಿಗಳಾದರೋ ಊರೂರಿನಲ್ಲೂ ಈಗಾಗಲೇ ಇವೆ.

ರೋಗಿಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದ ಕೇಂದ್ರ ಸರ್ಕಾರ 2024ರ ನವೆಂಬರ್‌ನಿಂದ ಅದನ್ನು 1,000 ರೂಪಾಯಿಗೆ ಏರಿಸಿತು. ಮನೆಮಂದಿಗೂ ಆಹಾರದ ಕಿಟ್ ಸಿಗಬೇಕೆಂದು ಅದೇ ವರ್ಷ ಒಪ್ಪಿದರೂ, ಅದನ್ನು ನಿಕ್ಷಯ ಮಿತ್ರ ಎಂಬ ಹೆಸರಿನಲ್ಲಿ ಮುಂದೆ ಬರುವ ದಾನಿಗಳಿಗೆ ಬಿಟ್ಟಿದೆ. ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆಯಿಂದ ಕ್ಷಯ ತಡೆಯಬಹುದೆಂದು ಸಾಬೀತಾದ ಮೇಲೆ ಅದು ದಾನಿಗಳು ಸಿಕ್ಕರೆ ಮಾತ್ರ ಸಿಗುವ ಕಿಟ್ ಆಗಿರಬಾರದು; ಕ್ಷಯ ಪತ್ತೆಯಾದ ಪ್ರತಿ ಮನೆಯ ಪಡಿತರ ಚೀಟಿಗೆ ಹಕ್ಕಾಗಿ ಸೇರಬೇಕು.